ಕಾರಕಲ್ಲಾ ಸ್ನಾನಗೃಹ: ಬರೀ ಇಟ್ಟಿಗೆ ಗೋಡೆಯಲ್ಲಿ ನೋಡುವುದೇನು?

ಪ್ರಶ್ನೆ: ಜೂನ್ ಕೊನೆಯಲ್ಲಿ ನಾಲ್ಕು ದಿನ ರೋಮ್‌ನಲ್ಲಿರುತ್ತೇವೆ, ಆಮೇಲೆ ನೇಪಲ್ಸ್ ಕಡೆಗೆ ಹೋಗುತ್ತೇವೆ. ಒಂದು ಬೆಳಗಿನ ಹೊತ್ತನ್ನು ಅಲ್ಲಿಯ ಕಾರಕಲ್ಲಾ ಸ್ನಾನಗೃಹಕ್ಕೆ (ಕಾರಕಲ್ಲಾ ಚಕ್ರವರ್ತಿಯ ಹೆಸರಿನ ಪ್ರಾಚೀನ ಸಾರ್ವಜನಿಕ ಸ್ನಾನಗೃಹ) ಎತ್ತಿಟ್ಟಿದ್ದೇವೆ. ಹೋಗಿ ಬಂದ ಸ್ನೇಹಿತರು, ‘ದೊಡ್ಡ ದೊಡ್ಡ ಇಟ್ಟಿಗೆ ಗೋಡೆ ಬಿಟ್ಟರೆ ಏನಿಲ್ಲ, ಅರ್ಧ ಗಂಟೆಯಲ್ಲಿ ಮುಗೀತು’ ಅನ್ನುತ್ತಾರೆ. ನಿಜವೇ? ಯಾವ ಕ್ರಮದಲ್ಲಿ ನೋಡಿದರೆ ಅರ್ಥವಾಗುತ್ತದೆ? ನೆಲದಡಿ ಬೆಂಕಿ ಹಾಕಿ ಕೋಣೆ ಕಾಯಿಸುತ್ತಿದ್ದರಂತೆ, ಅದು ಅಲ್ಲಿ ಕಾಣಿಸುತ್ತದೆಯೇ? ಜೊತೆಗೆ ಎಪ್ಪತ್ತು ದಾಟಿದ ತಂದೆ ಇದ್ದಾರೆ, ಅವರಿಗೆ ಮೊಣಕಾಲು ನೋವು.

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಮೊದಲೇ ಗೊತ್ತಿಲ್ಲದೆ ಒಳಹೊಕ್ಕವರಿಗೆ ಅಲ್ಲಿ ಕಾಣುವುದು ಮೂವತ್ತು ಮೀಟರಿಗೂ ಎತ್ತರದ ಇಟ್ಟಿಗೆ ಗೋಡೆಗಳು ಮತ್ತು ಆಕಾಶ. ಚಾವಣಿ ಬಿದ್ದಿದೆ, ಅಮೃತಶಿಲೆ ಹೋಗಿದೆ, ಕಂಬಗಳು ಬೇರೆ ಊರು ಸೇರಿವೆ. ಹಾಗಾಗಿ ಮೊದಲ ಸಲಹೆ ಸ್ವಲ್ಪ ವಿಚಿತ್ರವೆನಿಸಬಹುದು: ಕಾರಕಲ್ಲಾಗೆ ಹೋಗುವ ಮುಂಚೆ ಬೇರೊಂದು ಕಡೆ ಅರ್ಧ ಗಂಟೆ ಕಳೆಯಿರಿ. ಟೆರ್ಮಿನಿ ರೈಲು ನಿಲ್ದಾಣದ ಹತ್ತಿರ, ರಿಪಬ್ಲಿಕಾ ಚೌಕದಲ್ಲಿ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ಎಂಬ ಚರ್ಚ್ ಇದೆ. ಅದು ಚರ್ಚ್ ಆಗುವ ಮುಂಚೆ ರೋಮ್‌ನ ಇನ್ನೊಂದು ಮಹಾ ಸ್ನಾನಗೃಹದ ನಡುಭಾಗವಾಗಿತ್ತು. ಡಯೋಕ್ಲೆಷಿಯನ್ ಚಕ್ರವರ್ತಿಯ ಹೆಸರಿನ ಆ ಸ್ನಾನಗೃಹವನ್ನು ಕಟ್ಟಿದ್ದು 298ರಿಂದ 306ರ ನಡುವೆ, ಅಂದರೆ ಕಾರಕಲ್ಲಾದ್ದಕ್ಕಿಂತ ಸುಮಾರು ಎಂಬತ್ತು ವರ್ಷ ಈಚೆಗೆ. ನಕ್ಷೆ ಮಾತ್ರ ಹೆಚ್ಚುಕಡಿಮೆ ಅದೇ. 1560ರ ದಶಕದಲ್ಲಿ ಮೈಕೆಲೆಂಜೆಲೊ ಅದರ ತಣ್ಣೀರ ಹಜಾರವನ್ನು ಕೆಡವದೆ ಹಾಗೇ ಉಳಿಸಿಕೊಂಡು ಚರ್ಚ್ ಮಾಡಿದ. ಕಾರಕಲ್ಲಾದಲ್ಲಿ ಇಲ್ಲದ ಚಾವಣಿ ಇಲ್ಲಿ ತಲೆಯ ಮೇಲಿದೆ. ಪ್ರವೇಶಕ್ಕೆ ಹಣವಿಲ್ಲ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ರೋಮ್‌ನ ಎಷ್ಟೋ ಚರ್ಚುಗಳಿಗೆ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಿಗ್ಗೆಯೇ ಹೋಗಿ.

ಅಲ್ಲಿ ಮೂರು ಸಂಗತಿ ಗಮನಿಸಿ. ಒಳಹೋಗುವ ಬಾಗಿಲು ಒಳಬಾಗಿದ ಒರಟು ಇಟ್ಟಿಗೆ ಗೋಡೆಯಲ್ಲಿದೆ. ಅದು ಬಿಸಿನೀರಿನ ಕೋಣೆಯ ಉಳಿಕೆ. ಬಾಗಿಲು ದಾಟಿದೊಡನೆ ಸಿಗುವ ದುಂಡು ಕೋಣೆ ಬೆಚ್ಚನೆಯ ಕೋಣೆಯಾಗಿತ್ತು. ಅಲ್ಲಿಂದ ಮುಂದಕ್ಕೆ ಕಾಲಿಟ್ಟಾಗ ಎಡಬಲಕ್ಕೆ ಚಾಚಿಕೊಳ್ಳುವ ಭಾರಿ ಹಜಾರವೇ ತಣ್ಣೀರ ಹಜಾರ. ಬಿಸಿ, ಬೆಚ್ಚಗೆ, ತಣ್ಣಗೆ: ಈ ಕ್ರಮ ಕಾರಕಲ್ಲಾದಲ್ಲೂ ಇದೇ. ಎರಡನೆಯದು, ಹಜಾರದ ಎಂಟು ಕೆಂಪು ಗ್ರಾನೈಟ್ ಕಂಬಗಳು ಈಜಿಪ್ಟಿನಿಂದ ಬಂದ ಅಸಲು ರೋಮನ್ ಕಂಬಗಳು. ಅದೇ ಚರ್ಚಿನಲ್ಲಿ ಅವಕ್ಕೆ ಜೋಡಿಯಾಗಿ ಕಾಣುವ ಬೇರೆ ಕೆಲವು ಇಟ್ಟಿಗೆಯಲ್ಲಿ ಕಟ್ಟಿ ಗಾರೆ ಮೆತ್ತಿ ಬಣ್ಣ ಬಳಿದವು, 18ನೇ ಶತಮಾನದವು. ಕಣ್ಣಿಗೆ ವ್ಯತ್ಯಾಸ ತಿಳಿಯದು, ಅಂಗೈ ಇಟ್ಟರೆ ತಿಳಿಯುತ್ತದೆ. ಕಲ್ಲು ತಣ್ಣಗೆ ಕೊರೆಯುತ್ತದೆ, ಗಾರೆ ಅಷ್ಟು ತಣ್ಣಗಿರದು. ಮೂರನೆಯದು, ಮೈಕೆಲೆಂಜೆಲೊ ನೆಲವನ್ನು ಸುಮಾರು ಎರಡು ಮೀಟರ್ ಏರಿಸಿದ್ದಾನೆ. ಅಂದರೆ ರೋಮನ್ನರ ಕಾಲದಲ್ಲಿ ಈ ಹಜಾರ ಇನ್ನೂ ಎತ್ತರವಾಗಿತ್ತು. ಚಾವಣಿಯ ಮೂರು ಅಡ್ಡಹಾಯುವ ಕಮಾನುಗಳು ಕಂಬಗಳ ಮೇಲೆ ಬಂದು ಕೂರುವ ಜಾಗವನ್ನು ಚೆನ್ನಾಗಿ ನೋಡಿಕೊಳ್ಳಿ. ಒಂದು ಗಂಟೆ ಕಳೆದ ಮೇಲೆ ಕಾರಕಲ್ಲಾದಲ್ಲಿ ಅದೇ ಜಾಗದಲ್ಲಿ ಮುರಿದು ನಿಂತ ಗಾರೆಯ ಮೂಲೆ ಕಂಡಾಗ, ಅದು ಏನನ್ನು ಹೊತ್ತಿತ್ತು ಎಂದು ಕೇಳಬೇಕಾಗಿಲ್ಲ.

ಅಲ್ಲಿಂದ ರಿಪಬ್ಲಿಕಾದಲ್ಲಿ ಮೆಟ್ರೊ ‘ಎ’ ಹಿಡಿದು ಒಂದೇ ನಿಲ್ದಾಣ, ಟೆರ್ಮಿನಿ. ಅಲ್ಲಿ ‘ಬಿ’ ಮಾರ್ಗಕ್ಕೆ ಬದಲಿಸಿ ಕವೂರ್, ಕೊಲೊಸ್ಸಿಯೊ, ಮೂರನೆಯದು ಚಿರ್ಕೊ ಮಾಸ್ಸಿಮೊ. ಇಳಿದು ಪಕ್ಕದ ದೊಡ್ಡ ಬಿಳಿ ಕಟ್ಟಡ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯದು) ದಾಟಿ, ಅದೇ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಸಾಕು. ತಂದೆಯವರಿಗೆ ಅಷ್ಟು ನಡಿಗೆ ಬೇಡವೆಂದರೆ ಟ್ಯಾಕ್ಸಿ ಹಿಡಿಯಿರಿ. ಆದರೆ ಚಾಲಕನಿಗೆ ‘ತೆರ್ಮೆ’ (ಸ್ನಾನಗೃಹ) ಎಂದಷ್ಟೇ ಹೇಳಬೇಡಿ. ಡಯೋಕ್ಲೆಷಿಯನ್ ಸ್ನಾನಗೃಹದ ವಸ್ತುಸಂಗ್ರಹಾಲಯಕ್ಕೂ ಅದೇ ಹೆಸರು. ‘ತೆರ್ಮೆ ದಿ ಕಾರಕಲ್ಲಾ’ ಎಂದು ಪೂರ್ತಿ ಹೇಳಿ.

ಟಿಕೆಟ್ ವಿಷಯದಲ್ಲಿ ಜನ ಎಡವುವುದು ಎರಡು ಮೂರು ಕಡೆ. ಕೊಲೊಸ್ಸಿಯಂ, ಫೋರಂ, ಪಲಟೈನ್ ಮೂರಕ್ಕೂ ಸೇರಿದ ಟಿಕೆಟ್ ಇಲ್ಲಿ ನಡೆಯದು, ಬೇರೆಯೇ ಕೊಳ್ಳಬೇಕು. ಹದಿನೆಂಟರೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಉಚಿತ. ಹಿರಿಯರಿಗೆ ಮಾತ್ರ ರಿಯಾಯಿತಿ ಇಲ್ಲ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ, ಅಂದು ಜನವೂ ಹೆಚ್ಚು. ಸೋಮವಾರ ರಜೆಯ ದಿನವೆಂದೇ ಎಣಿಸಿ ಯೋಜನೆ ಹಾಕಿ. ಬೆಳಿಗ್ಗೆ 9ಕ್ಕೆ ತೆರೆಯುತ್ತಾರೆ, ಮುಚ್ಚುವ ಹೊತ್ತು ಋತುವಿನ ಪ್ರಕಾರ ಹಿಂದುಮುಂದಾಗುತ್ತದೆ, ಕೊನೆಯ ಪ್ರವೇಶ ಅದಕ್ಕೂ ಒಂದು ಗಂಟೆ ಮುಂಚೆ. ನೀವು ಹೋಗುವುದು ಜೂನ್ ಕೊನೆಯಲ್ಲಿ. ಆಗ ರೋಮ್ ಒಪೆರಾದವರ ಬೇಸಿಗೆ ಪ್ರದರ್ಶನಗಳ ಕಾಲ (1937ರಿಂದ ನಡೆದುಬಂದ ರೂಢಿ). ಬಿಸಿನೀರಿನ ಕೋಣೆಯ ಕಡೆ, ತೋಟದ ಬದಿಯಲ್ಲಿ ವೇದಿಕೆ, ಕುರ್ಚಿ ಸಾಲು, ದೀಪದ ಕಂಬಗಳು ಎದ್ದಿರುತ್ತವೆ. ಆ ಕಡೆಯಿಂದ ಫೋಟೊ ತೆಗೆಯುವ ಆಸೆ ಬಿಡಿ. ಪ್ರದರ್ಶನದ ದಿನ ಸಮಯವೂ ಬದಲಾಗಬಹುದು; ಹಿಂದಿನ ದಿನ ಅಧಿಕೃತ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಒಳಗೆ ಹೋದೊಡನೆ ಬಾಣದ ಗುರುತು ಹಿಡಿದು ನಡೆಯುವ ಮೊದಲು ಫೋನಿನಲ್ಲಿ ದಿಕ್ಸೂಚಿ ತೆರೆಯಿರಿ. ಇಡೀ ಕಟ್ಟಡಕ್ಕೆ ಈಶಾನ್ಯದಿಂದ ನೈಋತ್ಯಕ್ಕೆ ಒಂದು ನಡುಗೆರೆ ಎಳೆದುಕೊಳ್ಳಿ. ಆ ಗೆರೆಯ ಮೇಲೆ ಸಾಲಾಗಿ ನಾಲ್ಕು: ಈಶಾನ್ಯದ ತುದಿಯಲ್ಲಿ ತೆರೆದ ಈಜುಕೊಳ (ಫಲಕಗಳಲ್ಲಿ ನಟಾಟಿಯೊ), ಆಮೇಲೆ ತಣ್ಣೀರ ಹಜಾರ (ಫ್ರಿಜಿಡೇರಿಯಂ), ನಡುವೆ ಚಿಕ್ಕದೊಂದು ಬೆಚ್ಚನೆಯ ಕೋಣೆ (ಟೆಪಿಡೇರಿಯಂ), ನೈಋತ್ಯಕ್ಕೆ ಹೊರಚಾಚಿದ ದುಂಡನೆಯ ಬಿಸಿಕೋಣೆ (ಕಾಲ್ಡೇರಿಯಂ). ಇವು ಒಂದೊಂದೇ. ಉಳಿದದ್ದೆಲ್ಲ ಜೋಡಿ. ಬಟ್ಟೆ ಬದಲಿಸುವ ಕೋಣೆ, ವ್ಯಾಯಾಮದ ಅಂಗಳ, ಬೆವರಿಳಿಸುವ ಕೋಣೆಗಳು ಎಲ್ಲವೂ ನಡುಗೆರೆಯ ಆಚೆಗೊಂದು, ಈಚೆಗೊಂದು, ಕನ್ನಡಿಯಲ್ಲಿ ಕಂಡಂತೆ. ಹಾಗಾಗಿ ತಂದೆಯವರನ್ನು ಎರಡೂ ಕಡೆ ಸುತ್ತಿಸುವ ಅಗತ್ಯವಿಲ್ಲ. ಒಂದು ಪಕ್ಕವನ್ನು ನಿಧಾನವಾಗಿ ನೋಡಿದರೆ ಇಡೀ ಕಟ್ಟಡ ನೋಡಿದ ಹಾಗೆ. ಮುಖ್ಯ ಕಟ್ಟಡವೇ ಉದ್ದಕ್ಕೆ 200 ಮೀಟರಿಗೂ ಹೆಚ್ಚು, ಅಗಲಕ್ಕೆ 100ಕ್ಕೂ ಹೆಚ್ಚು. ಸುತ್ತಲಿನ ತೋಟ, ಹೊರಗೋಡೆ ಸೇರಿದರೆ ಒಂದೊಂದು ಬದಿ 300 ಮೀಟರ್ ದಾಟುತ್ತದೆ.

ನಡೆಯಬೇಕಾದದ್ದು ಸ್ನಾನಕ್ಕೆ ಬಂದವನ ದಾರಿಯಲ್ಲಿ. ಅವನು ಈಶಾನ್ಯದ ಬಾಗಿಲಿಂದ ಬಂದು, ಬಟ್ಟೆ ಕಳಚಿಟ್ಟು, ಅಂಗಳದಲ್ಲಿ ಮೈಮುರಿದು ಬೆವರಿ, ನೈಋತ್ಯದ ಸಾಲುಕೋಣೆಗಳಲ್ಲಿ ಒಂದಕ್ಕಿಂತ ಒಂದು ಬಿಸಿಯಾದಲ್ಲಿ ಕೂತು, ದುಂಡು ಕೋಣೆಯ ಬಿಸಿನೀರಿನಲ್ಲಿ ಮುಳುಗಿ, ಆಮೇಲೆ ನಡುಗೆರೆ ಹಿಡಿದು ವಾಪಸು ಬರುತ್ತಿದ್ದ: ಬೆಚ್ಚನೆಯ ಕೋಣೆ, ತಣ್ಣೀರ ಹಜಾರ, ಕೊನೆಗೆ ಈಜುಕೊಳ. ಪ್ರವಾಸಿ ದಾರಿ ಇದೇ ಕ್ರಮದಲ್ಲಿ ಇರುವುದಿಲ್ಲ, ಕೆಲವೆಡೆ ಹಗ್ಗ ಕಟ್ಟಿರುತ್ತಾರೆ. ಪರವಾಗಿಲ್ಲ, ಎಲ್ಲಿ ನಿಂತಿದ್ದೀರಿ ಎಂಬುದು ತಲೆಯಲ್ಲಿದ್ದರೆ ಆಯಿತು.

ವ್ಯಾಯಾಮದ ಅಂಗಳದಲ್ಲಿ (ಪಲೇಸ್ಟ್ರ) ತಲೆ ಎತ್ತುವ ಮುಂಚೆ ನೆಲ ನೋಡಿ. ಬಣ್ಣದ ಕಲ್ಲಿನ ಚೂರುಗಳಲ್ಲಿ ಮೀನಿನ ಹುರುಪೆಯಂಥ ವಿನ್ಯಾಸ ಇನ್ನೂ ಹಾಸಿಕೊಂಡಿದೆ. ಗೋಡೆಗೆ ಒರಗಿಸಿಟ್ಟ ದಪ್ಪ ತುಂಡುಗಳಲ್ಲಿ ಕಪ್ಪು ಬಿಳುಪಿನ ಸಮುದ್ರ ಜೀವಿಗಳಿವೆ. ಅವು ನೆಲದವಲ್ಲ, ಮೇಲಿನ ಉಪ್ಪರಿಗೆಯ ನೆಲ ಕುಸಿದು ಕೆಳಗೆ ಬಿದ್ದವು. ತುಂಡಿನ ಅಂಚನ್ನು ಪಕ್ಕದಿಂದ ನೋಡಿದರೆ ಮೇಲೆ ಸಣ್ಣ ಚೌಕ ಕಲ್ಲು, ಕೆಳಗೆ ನುಣುಪು ಗಾರೆ, ಅದರಡಿ ಒರಟು ಗಾರೆ ಪದರ ಪದರವಾಗಿ ಕಾಣುತ್ತವೆ. ಇಲ್ಲಿಯ ಅತಿ ಪ್ರಸಿದ್ಧ ಮೊಸಾಯಿಕ್ (ಹೀಗೆ ಚೂರು ಜೋಡಿಸಿ ಮಾಡಿದ ಚಿತ್ರ), ಜಟ್ಟಿಗಳ ಚಿತ್ರಗಳದ್ದು, 1824ರಲ್ಲಿ ಸಿಕ್ಕಿ ವ್ಯಾಟಿಕನ್ ಸಂಗ್ರಹಾಲಯ ಸೇರಿದೆ, ಇಲ್ಲಿ ಹುಡುಕಬೇಡಿ.

ಈಗ ಗೋಡೆ. ಇಲ್ಲಿ ನಿಧಾನಿಸಿ, ಏಕೆಂದರೆ ‘ಬರೀ ಇಟ್ಟಿಗೆ’ ಎನ್ನುವ ದೂರಿಗೆ ಉತ್ತರ ಇರುವುದು ಇಲ್ಲೇ. ಮೊದಲು ತಿಳಿಯಬೇಕಾದ್ದು, ಇದು ಇಟ್ಟಿಗೆಯ ಗೋಡೆಯೇ ಅಲ್ಲ. ಸುಣ್ಣ, ಜ್ವಾಲಾಮುಖಿಯ ಬೂದಿಮಣ್ಣು, ಕಲ್ಲುಚೂರು ಕಲಸಿ ತುಂಬಿದ ಕಾಂಕ್ರೀಟ್. ಇಟ್ಟಿಗೆ ಅದರ ಎರಡು ಮುಖದ ಸಿಪ್ಪೆ ಮಾತ್ರ. ಗೋಡೆ ಮುರಿದಲ್ಲಿ ಅಡ್ಡಕೊಯ್ತ ಕಾಣುತ್ತದೆ: ಹೊರಗೆ ಇಟ್ಟಿಗೆಯ ತೆಳು ಸಾಲು, ತ್ರಿಕೋನ ಇಟ್ಟಿಗೆಗಳ ಚೂಪು ತುದಿ ಒಳಗೆ ಗಾರೆಯಲ್ಲಿ ಹಲ್ಲೂರಿದೆ, ನಡುವೆ ಒರಟು ತುಂಬು. ಅಲ್ಲಲ್ಲಿ ಉದ್ದಕ್ಕೂ ಓಡುವ ಒಂದು ಗೆರೆ ಬೇರೆ ಥರ ಕಂಡರೆ, ಅಲ್ಲಿ ಸುಮಾರು 59 ಸೆಂಟಿಮೀಟರ್ ಚೌಕದ ದೊಡ್ಡ ಇಟ್ಟಿಗೆಗಳನ್ನು ಹಾಸಿ ಮಟ್ಟ ಮಾಡಿಕೊಂಡಿದ್ದಾರೆ ಎಂದರ್ಥ.

ರಂಧ್ರಗಳನ್ನು ಮೂರು ಬಗೆಯಾಗಿ ಓದಿ. ಸಮಾನ ಅಂತರದಲ್ಲಿ ಅಡ್ಡಸಾಲಾಗಿ ಇರುವ ಚೌಕ ಕಿಂಡಿಗಳು ಸಾರವೆ ಕಟ್ಟಲು ಮರದ ತೊಲೆ ತೂರಿಸಿದವು. ಚಿಕ್ಕ ಚಿಕ್ಕ ತೂತುಗಳು ಅಮೃತಶಿಲೆಯ ಹಲಗೆಗಳನ್ನು ಗೋಡೆಗೆ ಹಿಡಿಸಿದ ಲೋಹದ ಕೊಂಡಿಗಳ ಜಾಗ. ಅವು ಎಷ್ಟು ಎತ್ತರದವರೆಗೆ ಇವೆ ಎಂದು ನೋಡಿದರೆ ಅಮೃತಶಿಲೆ ಎಲ್ಲಿಯವರೆಗೆ ಏರಿತ್ತು ಎಂಬ ಅಂದಾಜು ಸಿಗುತ್ತದೆ. ಅದರ ಮೇಲೆ ಗಾರೆಯ ಅಲಂಕಾರ, ಗಾಜಿನ ಚೂರುಗಳ ಮೊಸಾಯಿಕ್ ಇರುತ್ತಿದ್ದವು. ಮೂರನೆಯದು ಆಕಾರವಿಲ್ಲದ ಕಿತ್ತ ಗುಳಿಗಳು. ಅವು ನಂತರದ ಶತಮಾನಗಳಲ್ಲಿ ಕಬ್ಬಿಣ, ಸೀಸಕ್ಕಾಗಿ ಅಗೆದವರ ಕೈಚಳಕ. ಸ್ನಾನಗೃಹ ನಡೆಯುತ್ತಿದ್ದಾಗ ನೀವು ಈಗ ನೋಡುತ್ತಿರುವ ಇಟ್ಟಿಗೆಯನ್ನು ಒಳಗೆ ಬಂದ ಯಾರೂ ಕಂಡಿರಲಿಲ್ಲ.

ತಣ್ಣೀರ ಹಜಾರ ಸುಮಾರು 58 ಮೀಟರ್ ಉದ್ದ, 24 ಮೀಟರ್ ಅಗಲ. ಚರ್ಚಿನಲ್ಲಿ ಕಂಡ ಆ ಮೂರು ಕಮಾನುಗಳನ್ನು ಇಲ್ಲಿಯ ಆಕಾಶದಲ್ಲಿ ಕೂರಿಸಿಕೊಳ್ಳಿ. ಮಧ್ಯದಲ್ಲಿ ನಿಂತರೆ ಈಜುಕೊಳದಿಂದ ಬಿಸಿಕೋಣೆಯವರೆಗೆ ನೇರ ನೋಟ, ಎಡಬಲಕ್ಕೆ ಎರಡೂ ಅಂಗಳಗಳತ್ತ ನೇರ ನೋಟ. ಇಲ್ಲಿಯ ಗ್ರಾನೈಟ್ ಕಂಬವೊಂದನ್ನು 16ನೇ ಶತಮಾನದಲ್ಲಿ ಪೋಪ್ ನಾಲ್ಕನೆಯ ಪಿಯಸ್ ಫ್ಲಾರೆನ್ಸ್‌ನ ದೊರೆ ಕೊಸಿಮೊಗೆ ಕೊಟ್ಟ. ಅದು ಈಗಲೂ ಅಲ್ಲಿ ಸಾಂತಾ ತ್ರಿನಿತಾ ಚೌಕದಲ್ಲಿ ನಿಂತಿದೆ. ಇಲ್ಲಿಯ ಎರಡು ಗ್ರಾನೈಟ್ ತೊಟ್ಟಿಗಳು ರೋಮ್‌ನ ಫರ್ನೇಸೆ ಚೌಕದಲ್ಲಿ ಕಾರಂಜಿಗಳಾಗಿವೆ. ಸಂಜೆ ಆ ಕಡೆ ಹೋದರೆ ಗುರುತು ಹಿಡಿಯಿರಿ.

ಈಜುಕೊಳಕ್ಕೆ ಚಾವಣಿ ಇರಲೇ ಇಲ್ಲ. ಎತ್ತರದ ಹಿಂಬದಿ ಗೋಡೆಯಲ್ಲಿ ಮೇಲೊಂದು ಕೆಳಗೊಂದು ಗೂಡುಗಳಿವೆ, ಅವು ವಿಗ್ರಹಗಳಿಗೆ. ಕೊಳದ ಅಂಚಿಗೆ ಸೇರಿದ ಒಂದು ಅಮೃತಶಿಲೆಯ ಹಲಗೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಅದರಲ್ಲಿ ಅಳಗುಳಿ ಮಣೆಯಂತೆ ಸಾಲು ಗುಳಿಗಳನ್ನು ಕೊರೆದಿದ್ದಾರೆ. ಆದರೆ ಆಟ ಬೇರೆ, ದೂರದಿಂದ ಕಾಯಿ ಎಸೆದು ಗುಳಿಗೆ ಬೀಳಿಸುವುದು. ಸ್ನಾನಕ್ಕೆ ಬಂದವರು ಅರ್ಧ ದಿನ ಇಲ್ಲೇ ಕಳೆಯುತ್ತಿದ್ದರು ಎನ್ನುವುದಕ್ಕೆ ಮಾರ್ಗದರ್ಶಿಯ ಹತ್ತು ಮಾತಿಗಿಂತ ಆ ಕಲ್ಲು ಸಾಕು. ಜನ ಎಷ್ಟಿರುತ್ತಿದ್ದರು? 5ನೇ ಶತಮಾನದ ಬರಹವೊಂದು ಇಲ್ಲಿ 1600 ಅಮೃತಶಿಲೆಯ ಆಸನಗಳಿದ್ದವು ಎನ್ನುತ್ತದೆ.

ಇನ್ನು ನೆಲದಡಿಯ ಬೆಂಕಿ. ಇದಕ್ಕೆ ಹೈಪೊಕಾಸ್ಟ್ ಎನ್ನುತ್ತಾರೆ. ಕೋಣೆಯ ನೆಲವನ್ನು ಗಿಡ್ಡ ಇಟ್ಟಿಗೆ ಕಂಬಗಳ ಮೇಲೆ ಎತ್ತಿ ನಿಲ್ಲಿಸುವುದು, ಗೋಡೆಯ ಹೊರಗಿನ ಒಲೆಯಿಂದ ಬಿಸಿ ಹೊಗೆಯನ್ನು ಆ ಪೊಳ್ಳಿನೊಳಗೆ ಹಾಯಿಸುವುದು. ಕಂಬದ ಇಟ್ಟಿಗೆ ಸುಮಾರು 20 ಸೆಂಟಿಮೀಟರ್ ಚೌಕ. ರೋಮನ್ ವಾಸ್ತುತಜ್ಞ ವಿಟ್ರೂವಿಯಸ್ ಹೇಳುವ ಎತ್ತರ ಎರಡಡಿ. ಕಂಬಗಳ ತಲೆಯ ಮೇಲೆ ಆ 59 ಸೆಂಟಿಮೀಟರಿನ ದೊಡ್ಡ ಇಟ್ಟಿಗೆ ಹಾಸಿದರೆ ನಾಲ್ಕು ಮೂಲೆ ನಾಲ್ಕು ಕಂಬದ ಮೇಲೆ ಕೂರುತ್ತವೆ. ಅದರ ಮೇಲೆ ಇಟ್ಟಿಗೆ ಪುಡಿ ಬೆರೆಸಿದ ಗಾರೆಯ ದಪ್ಪ ಪದರ, ಕೊನೆಗೆ ಅಮೃತಶಿಲೆ ಅಥವಾ ಮೊಸಾಯಿಕ್. ಕಂಬಗಳಿಗೆ ಸುಣ್ಣದ ಗಾರೆ ಬಳಸಬೇಡಿ, ಕೂದಲು ಬೆರೆಸಿ ಮಿದ್ದ ಜೇಡಿಮಣ್ಣು ಬಳಸಿ ಎಂದು ಅವನೇ ಹೇಳುತ್ತಾನೆ. ಕಾರಣ ಸರಳ: ಸದಾ ಬೆಂಕಿ ತಾಕುವಲ್ಲಿ ಸುಣ್ಣ ಪುಡಿಯಾಗುತ್ತದೆ, ಜೇಡಿಮಣ್ಣು ಸುಟ್ಟು ಗಟ್ಟಿಯಾಗುತ್ತದೆ. ಕೆಳನೆಲವನ್ನು ಒಲೆಯ ಕಡೆಗೆ ಇಳಿಜಾರಾಗಿಡಬೇಕು, ಚೆಂಡು ಬಿಟ್ಟರೆ ಒಲೆಯ ಬಾಯಿಗೇ ಉರುಳಿ ಬರುವಷ್ಟು. ಆಗ ಜ್ವಾಲೆ ತಾನಾಗಿ ಮೇಲಿನತ್ತ ಹರಡುತ್ತದೆ.

ಹೊಗೆ ಅಲ್ಲಿಗೇ ನಿಲ್ಲುವುದಿಲ್ಲ. ಗೋಡೆಯ ಒಳಮೈಗೆ ಒಂದರ ಮೇಲೊಂದು ಜೋಡಿಸಿದ ಟೊಳ್ಳು ಮಣ್ಣಿನ ಪೆಟ್ಟಿಗೆಗಳ ಮೂಲಕ ಮೇಲೇರಿ ಹೊರಹೋಗುತ್ತದೆ. ಹೀಗಾಗಿ ನೆಲ, ಗೋಡೆ ಎರಡೂ ಕಾಯುತ್ತವೆ, ಕೋಣೆಯೊಳಗೆ ಹೊಗೆ ಬರುವುದಿಲ್ಲ, ಗೋಡೆ ಬೆಚ್ಚಗಿರುವುದರಿಂದ ಹಬೆ ಅಲ್ಲಿ ನೀರಾಗಿ ಇಳಿಯುವುದೂ ಕಡಿಮೆ. ನೀರು ಕಾಯುವುದು ಅದೇ ಒಲೆಗಳ ಮೇಲಿನ ಕಂಚಿನ ಹಂಡೆಗಳಲ್ಲಿ. ಇಷ್ಟು ದಪ್ಪ ಗಾರೆ ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ದಿನಾ ಆರಿಸಿ ದಿನಾ ಹೊತ್ತಿಸಿದರೆ ಸೌದೆಯೂ ದಂಡ, ಹಿಗ್ಗಿ ಕುಗ್ಗಿ ನೆಲ ಬಿರುಕು ಬಿಡುವುದೂ ಖಂಡಿತ. ನೆಲ ಸುಡುವುದರಿಂದ ಜನ ಮರದ ಅಟ್ಟೆಯ ಚಪ್ಪಲಿ ಹಾಕುತ್ತಿದ್ದರು.

ಕಾರಕಲ್ಲಾದ ಬಿಸಿಕೋಣೆ ಇದರ ಅತಿ ದೊಡ್ಡ ರೂಪ: ಅಡ್ಡಳತೆ ಸುಮಾರು 35 ಮೀಟರ್, ಮೇಲೆ ಗುಮ್ಮಟ. ಅದನ್ನು ನೈಋತ್ಯಕ್ಕೆ ತಿರುಗಿಸಿದ್ದಕ್ಕೆ ಕಾರಣ ಬಿಸಿಲು. ಸ್ನಾನದ ಹೊತ್ತು ಮಧ್ಯಾಹ್ನದಿಂದ ಸಂಜೆ. ದೊಡ್ಡ ಗಾಜಿನ ಕಿಟಕಿಗಳಿಂದ ಇಳಿಬಿಸಿಲು ಒಳಬಂದು ಒಲೆಯ ಕೆಲಸ ಹಗುರ ಮಾಡುತ್ತಿತ್ತು. ಅದಕ್ಕೂ ತಣ್ಣೀರ ಹಜಾರಕ್ಕೂ ನಡುವಿನ ಬೆಚ್ಚನೆಯ ಕೋಣೆ ಅಷ್ಟು ಚಿಕ್ಕದಿರುವುದೂ ಬಿಸಿ ಸೋರದಿರಲೆಂದೇ. ಆದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಈ ಗುಮ್ಮಟ, ನೆಲ ಎರಡೂ ಹೋಗಿ ಬೃಹತ್ ಕಂಬಗೋಡೆಗಳ ಮೊಂಡುಗಳಷ್ಟೇ ಉಳಿದಿವೆ. ಇಟ್ಟಿಗೆ ಕಂಬಗಳ ಸಾಲು, ಗೋಡೆಯ ಟೊಳ್ಳು ಪೆಟ್ಟಿಗೆ ಸ್ಪಷ್ಟವಾಗಿ ನೋಡಲು ಇದು ಜಾಗವಲ್ಲ. ಅದಕ್ಕೆ ಬೇರೆಡೆ ಹೋಗಬೇಕು, ಮುಂದೆ ಹೇಳುತ್ತೇನೆ.

ಇಲ್ಲಿ ವಿಶೇಷವಾಗಿರುವುದು ನೆಲಮಾಳಿಗೆ. ಸೌದೆ ಗಾಡಿಗಳು ಓಡಾಡುವಷ್ಟು ಅಗಲದ ಸುರಂಗಗಳು ಕಟ್ಟಡ, ತೋಟಗಳ ಕೆಳಗೆ ಹರಡಿವೆ. ಕೆಲಸದವರು ಅಲ್ಲಿ, ಸ್ನಾನದವರು ಇಲ್ಲಿ, ಒಬ್ಬರ ಕಣ್ಣಿಗೆ ಒಬ್ಬರು ಬೀಳದಂತೆ. 1912ರಲ್ಲಿ ಅಲ್ಲೇ ಮಿತ್ರಾಸ್ ದೇವರ ಗುಡಿಯೊಂದು ಪತ್ತೆಯಾಯಿತು, ರೋಮ್‌ನಲ್ಲಿ ಉಳಿದವುಗಳಲ್ಲಿ ಅದೇ ದೊಡ್ಡದು. ನೆಲಮಾಳಿಗೆಯ ಯಾವ ಭಾಗ ಎಂದು ತೆರೆದಿರುತ್ತದೆ ಎಂಬುದು ಬದಲಾಗುತ್ತಿರುತ್ತದೆ. ಟಿಕೆಟ್ ಕೊಳ್ಳುವಾಗಲೇ ಕೇಳಿ. ಮೆಟ್ಟಿಲು ಇಳಿಯಬೇಕು, ಒಳಗೆ ತೇವ, ಮಬ್ಬು. ನಿಮ್ಮ ತಂದೆಯವರು ಅಷ್ಟು ಹೊತ್ತು ಮೇಲೆ ಮರದ ನೆರಳಲ್ಲಿ ಕೂರುವುದೇ ಒಳ್ಳೆಯದು. ಮೇಲಿನ ದಾರಿ ಬಹುಪಾಲು ಸಮತಟ್ಟು, ಆದರೆ ಜಲ್ಲಿಯಿದೆ, ಗೋಡೆಗಳ ನಡುವೆ ಕೂರುವ ಜಾಗ ಕಡಿಮೆ. ಊರುಗೋಲು ಇದ್ದರೆ ತನ್ನಿ. ಜೂನ್‌ನಲ್ಲಿ ಹನ್ನೊಂದು ಗಂಟೆಯ ಮೇಲೆ ಇಟ್ಟಿಗೆ ಕಾದು ಸೆಕೆ ಎದುರಾಗುತ್ತದೆ. ಆದಷ್ಟು ಬೇಗ ಚರ್ಚು ಮುಗಿಸಿ ಇಲ್ಲಿಗೆ ಬರುವಂತೆ ನೋಡಿಕೊಳ್ಳಿ. ಒಂದೂವರೆಯಿಂದ ಎರಡು ಗಂಟೆ ಸಾಕು. ನೀರಿನ ಬಾಟಲಿ ಖಾಲಿಯಾದರೆ ಊರಿನ ಬೀದಿ ನಲ್ಲಿಗಳ ನೀರು ಕುಡಿಯಲು ಯೋಗ್ಯ.

ಇಷ್ಟು ದೊಡ್ಡ ಸ್ನಾನಗೃಹ ಮುಚ್ಚಿಹೋದದ್ದು ಹೇಗೆ ಎಂಬುದೂ ನಿಮ್ಮ ಮನಸ್ಸಿಗೆ ಬಂದೀತು. 216ರಲ್ಲಿ ಉದ್ಘಾಟನೆಯಾಗಿ ಮುನ್ನೂರು ವರ್ಷ ನಡೆಯಿತು. 537ರಲ್ಲಿ ಗಾಥರು ಎಂಬ ಜರ್ಮಾನಿಕ್ ಜನ ನಗರಕ್ಕೆ ಮುತ್ತಿಗೆ ಹಾಕಿ, ನೀರು ತರುತ್ತಿದ್ದ ಮೇಲ್ಗಾಲುವೆಗಳನ್ನು ಕಡಿದರು. ನೀರಿಲ್ಲದೆ ಸ್ನಾನಗೃಹವೂ ನಿಂತಿತು. ಆಮೇಲೆ ಭೂಕಂಪ, ಸುಣ್ಣದ ಗೂಡುಗಳಿಗೆ ಹೋದ ಅಮೃತಶಿಲೆ, ಚರ್ಚುಗಳಿಗೆ ಹೋದ ಕಂಬ. 1540ರ ದಶಕದಲ್ಲಿ ಫರ್ನೇಸೆ ಮನೆತನದ ಪೋಪ್ ಮೂರನೆಯ ಪಾಲ್ ಅಗೆಸಿದಾಗ ಸಿಕ್ಕ ವಿಗ್ರಹಗಳು ಆ ಮನೆತನದ ಪಾಲಾದವು.

ಹೈಪೊಕಾಸ್ಟ್ ನೋಡಲು ನಿಮಗೆ ಎರಡು ದಾರಿ. ರೋಮ್‌ನಲ್ಲೇ ಇನ್ನೊಂದು ಬೆಳಗು ಸಿಕ್ಕರೆ ಓಸ್ತಿಯಾ ಆಂತಿಕಾ ಎಂಬ ಹಳೆಯ ರೋಮನ್ ಬಂದರು ಊರು: ಮೆಟ್ರೊ ‘ಬಿ’ಯ ಪಿರಾಮಿದೆ ನಿಲ್ದಾಣದ ಪಕ್ಕದಿಂದ ಸ್ಥಳೀಯ ರೈಲು, ಅರ್ಧ ಗಂಟೆ, ನಗರದ ಸಾಮಾನ್ಯ ಟಿಕೆಟ್ಟೇ ನಡೆಯುತ್ತದೆ. ಅಲ್ಲಿ ಫೋರಂ (ಊರಿನ ಮುಖ್ಯ ಚೌಕ) ಪಕ್ಕದ ಸ್ನಾನಗೃಹದಲ್ಲಿ ಗೋಡೆಗೆ ಅಂಟಿಸಿದ ಟೊಳ್ಳು ಪೆಟ್ಟಿಗೆಗಳು ಇನ್ನೂ ಇವೆ. ನೀವು ಹೇಗೂ ನೇಪಲ್ಸ್‌ಗೆ ಹೋಗುವವರಾದ್ದರಿಂದ ಅದರ ಹತ್ತಿರದ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ಊರು ಪಾಂಪೇಯಿಯೇ ಅನುಕೂಲ. ಅಲ್ಲಿ ಸ್ಟೇಬಿಯನ್ ಸ್ನಾನಗೃಹದಲ್ಲಿ ನೆಲ ಒಡೆದ ಜಾಗದಲ್ಲಿ ಕಂಬಗಳ ಮೇಲೆ ನಿಂತ ನೆಲ, ಗೋಡೆಯ ಹಿಂದಿನ ಪೊಳ್ಳು ಎರಡೂ ಕಾಣುತ್ತವೆ. ಫೋರಂ ಸ್ನಾನಗೃಹ ಚಿಕ್ಕದು, ಆದರೆ ಚಾವಣಿ ಉಳಿದಿದೆ. ಬಿಸಿಕೋಣೆಯ ಚಾವಣಿಗೆ ಉದ್ದಕ್ಕೂ ಗೀರುಗಾಲುವೆಗಳು. ಹಬೆ ನೀರಾದಾಗ ತಲೆ ಮೇಲೆ ತೊಟ್ಟಿಕ್ಕದೆ ಬದಿಗೆ ಇಳಿಯಲೆಂದು. ಅಲ್ಲಿಯ ಅಮೃತಶಿಲೆಯ ದುಂಡು ತೊಟ್ಟಿಯ ಅಂಚಿನಲ್ಲಿ ಕಂಚಿನ ಅಕ್ಷರದಲ್ಲಿ ಅದರ ಬೆಲೆಯನ್ನೇ ಬರೆಸಿದ್ದಾರೆ: 5250 ಸೆಸ್ಟರ್ಸ್ (ರೋಮನ್ ನಾಣ್ಯ), ಊರಿನ ಹಣದಿಂದ.

ಕಾರಕಲ್ಲಾದ ವಿಗ್ರಹಗಳು ಇರುವುದೂ ನೇಪಲ್ಸ್‌ನಲ್ಲೇ, ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ. ದೊಣ್ಣೆಗೆ ಒರಗಿ ನಿಂತ ಹರ್ಕ್ಯುಲಿಸ್ ಮೂರು ಮೀಟರಿಗೂ ಎತ್ತರ, ಕೆಳಗೆ ಅಥೆನ್ಸ್‌ನ ಗ್ಲೈಕಾನ್ ಎಂಬ ಶಿಲ್ಪಿಯ ಹೆಸರಿದೆ. ಗೂಳಿಯ ಶಿಲ್ಪ ಪ್ರಾಚೀನ ಕಾಲದಿಂದ ಉಳಿದ ಅತಿ ದೊಡ್ಡ ಅಮೃತಶಿಲೆಯ ಶಿಲ್ಪಗುಂಪು. ಹೊಸತಾಗಿ ನೋಡುವವರಿಗೆ ಅವು ಅಸಹಜ ದೊಡ್ಡವು ಎನಿಸುತ್ತವೆ. ನೀವು ಆ ಹಜಾರದ ಗೋಡೆಗಳನ್ನು ನೋಡಿ ಬಂದಿರುವುದರಿಂದ ಅಳತೆ ಸರಿಯಾಗಿಯೇ ಇದೆ ಎನಿಸುತ್ತದೆ. ಸಂಗ್ರಹಾಲಯಕ್ಕೆ ಮಂಗಳವಾರ ರಜೆ. ಪಾಂಪೇಯಿಯನ್ನು ಆ ದಿನಕ್ಕೆ ಇಟ್ಟುಕೊಳ್ಳಿ.